ಸಕ್ಕರೆ ಕೂರಿಸಿದರೂ ನನ್ನ ಪಾಲಿಮರ್ ಸಿಕ್ಕಿದ್ದಕ್ಕೆಲ್ಲ ಅಂಟುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಕೊನೆಯ ವರ್ಷ ಓದುತ್ತಿದ್ದೇನೆ. ಊರು ಗುಬ್ಬಿ ತಾಲ್ಲೂಕು, ಚೇಳೂರಿನ ಹತ್ತಿರ. ಪ್ರಾಜೆಕ್ಟಿಗೆ ಅಮೀನ್ (ಸಾರಜನಕದ) ಗುಂಪುಗಳಿರುವ ಒಂದು ಪಾಲಿಮರ್, ಅಂದರೆ ಉದ್ದ ದಾರದಂಥ ಅಣು, ತೆಗೆದುಕೊಂಡು ಅದಕ್ಕೆ ಮ್ಯಾನೋಸ್ ಸಕ್ಕರೆ ಕೂರಿಸಿದ್ದೇನೆ. ನನ್ನ ಲೆಕ್ಕದಲ್ಲಿ ನೂರಕ್ಕೆ ಅರವತ್ತು ಅಮೀನ್‌ಗಳಿಗೆ ಸಕ್ಕರೆ ಹತ್ತಿದೆ. ಮ್ಯಾನೋಸ್ ಹಿಡಿಯುವ ಕಾನ್‌ಕನಾವಲಿನ್ ಎ (ಕಾನ್-ಎ) ಪ್ರೋಟೀನ್ ಹಾಕಿದರೆ ದ್ರಾವಣ ಕದಡುತ್ತದೆ. ಹಿಡಿದುಕೊಂಡಿತು ಅಂತ ಖುಷಿಪಟ್ಟೆ. ಆದರೆ ಹಿಡಿಯಲೇಬಾರದ ಹಸುವಿನ ಆಲ್ಬುಮಿನ್ ಹಾಕಿದರೂ ಕದಡುತ್ತಿದೆ! ಗೈಡ್ "ಸಕ್ಕರೆ ಇನ್ನೂ ಜಾಸ್ತಿ ಹಾಕು" ಅಂತಾರೆ. ಸೀನಿಯರ್ ಒಬ್ಬರು "ಮ್ಯಾನೋಸ್ ಹಾಕಿದ ಮೇಲೆ ಬೇರೆಯದಕ್ಕೆ ಅಂಟೋಕೆ ಸಾಧ್ಯವೇ ಇಲ್ಲ, ನಿನ್ನ ಆಲ್ಬುಮಿನ್ ಕೆಟ್ಟಿದೆ" ಅಂತಾರೆ. ವೈವಾಕ್ಕೆ ಎರಡೂವರೆ ತಿಂಗಳಿದೆ. ಕಾನ್-ಎ ದುಬಾರಿ, ಉಳಿದಿರೋದೂ ಸ್ವಲ್ಪ. ನಮ್ಮ ತೋಟದ ಹಲಸಿನ ಬೀಜದಲ್ಲೂ ಇಂಥ ಪ್ರೋಟೀನ್ ಇದೆಯಂತೆ, ಅದನ್ನೇ ಬಳಸಬಹುದಾ? ಇನ್ನೊಂದು ಮಾತು. ಅಪ್ಪನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. "ಸಕ್ಕರೆ ಬಳಿದ ಔಷಧಿ ನನ್ನಂಥವರ ಮೈಗೆ ಹೋದರೆ ಶುಗರ್ ಏರಲ್ವಾ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ನಿಮ್ಮ ಆಲ್ಬುಮಿನ್ ಕೆಟ್ಟಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಇವತ್ತು ರಾತ್ರಿಯಾದರೂ ನಿದ್ದೆ ಮಾಡಿ.

ನೂರರಲ್ಲಿ ಅರವತ್ತಕ್ಕೆ ಸಕ್ಕರೆ ಹತ್ತಿದೆ ಅಂದಿರಿ. ಉಳಿದ ನಲವತ್ತು ಎಲ್ಲಿ ಹೋದವು? ಅಲ್ಲೇ ಇವೆ. ಪಿಎಚ್ 7.4ರ ಬಫರಿನಲ್ಲಿ ಅಮೀನ್‌ಗಳು ಧನ ಆವೇಶ ಹೊತ್ತು ಕೂತಿರುತ್ತವೆ. ಆಲ್ಬುಮಿನ್‌ನ ಆವೇಶ ಸೊನ್ನೆಯಾಗುವುದು ಪಿಎಚ್ 4.7ರ ಆಸುಪಾಸಿನಲ್ಲಿ, ಹಾಗಾಗಿ 7.4ರಲ್ಲಿ ಅದರ ಮೈಯೆಲ್ಲ ಋಣ. ಧನ ಋಣ ಎದುರಾದರೆ ಅಂಟದೆ ಇನ್ನೇನು ಮಾಡ್ತವೆ? ಇದರಲ್ಲಿ ಮ್ಯಾನೋಸ್‌ನ ಪಾತ್ರವೇ ಇಲ್ಲ.

ಕಹಿ ಮಾತು ಒಂದಿದೆ. ಕಾನ್-ಎ ಕೂಡ ಆ ಪಿಎಚ್‌ನಲ್ಲಿ ಋಣ ಆವೇಶದ ಪ್ರೋಟೀನೇ. ಹಾಗಾದರೆ ನೀವು ಖುಷಿಪಟ್ಟ ಆ ಮೊದಲ ಕದಡು? ಅದರಲ್ಲೂ ಎಷ್ಟು ಪಾಲು ಸಕ್ಕರೆಯದು, ಎಷ್ಟು ಪಾಲು ಬರೀ ಆವೇಶದ್ದು ಅಂತ ಸದ್ಯಕ್ಕೆ ನಿಮಗೆ ಗೊತ್ತಿಲ್ಲ. ವೈವಾದಲ್ಲಿ ಹೊರಗಿನಿಂದ ಬಂದವರು ಇದನ್ನೇ ಕೇಳೋದು. ಕೇಳುವ ಮೊದಲು ನಾವೇ ಕೇಳಿಕೊಳ್ಳೋಣ.

ಈಗ ಸೀನಿಯರ್ ಹೇಳಿದ ಮಾತಿಗೆ ಬರೋಣ. ಸಕ್ಕರೆ ಕೂರಿಸಿದರೆ ಆಯಿತು, ಆಯ್ಕೆ ತಾನಾಗಿಯೇ ಬರುತ್ತದೆ ಅನ್ನುವ ನಂಬಿಕೆ ಬಹಳ ಜನರಿಗಿದೆ. ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಅದು ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯಬೇಕಾದರೆ ನಿಮ್ಮೂರಿನ ಹೊಲಕ್ಕೇ ಹೋಗಬೇಕು.

ಸಕ್ಕರೆಯನ್ನು ಗುರುತಿಸಿ ಹಿಡಿಯುವ ಪ್ರೋಟೀನ್‌ಗಳಿಗೆ ಲೆಕ್ಟಿನ್ ಅಂತ ಹೆಸರು, ನಿಮ್ಮ ಕಾನ್-ಎ ಕೂಡ ಅದೇ ಜಾತಿ. ಮೊದಲು ಕಂಡದ್ದು ಹರಳು ಬೀಜದಲ್ಲಿ. 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ, ನಿಮ್ಮ ಹಾಗೇ ಪದವಿಯ ಕೆಲಸಕ್ಕೆ ಅಂತ, ಹರಳಿನ ಸಾರ ತೆಗೆದು ರಕ್ತಕ್ಕೆ ಹಾಕಿದ. ಕೆಂಪು ಕಣಗಳು ಗುಂಪುಗೂಡಿ ಗಂಟಾದವು. ಶೇಂಗಾದಲ್ಲಿ ಒಂದು ಲೆಕ್ಟಿನ್ ಇದೆ, ಅವರೆಯಲ್ಲಿದೆ, ಹಲಸಿನ ಬೀಜದಲ್ಲಿದೆ. ನಮ್ಮ ಸಿರಾ, ಪಾವಗಡ, ಗುಬ್ಬಿ ಕಡೆ ಬೆಳೆಯುವುದನ್ನೆಲ್ಲ ಪಟ್ಟಿ ಮಾಡಿದರೆ ಲೆಕ್ಟಿನ್ ಪಾಠದ ಅರ್ಧ ಅಧ್ಯಾಯ ಮುಗಿದಂತೆ. ನನಗೆ ಅದರಲ್ಲಿ ಜಾಸ್ತಿ ಇಷ್ಟ ಹುರುಳಿ.

1951ರಲ್ಲಿ ಬರ್ಡ್ ಎಂಬ ವೈದ್ಯವಿಜ್ಞಾನಿ ಹುರುಳಿಯ ಸಾರ ಮನುಷ್ಯರ ಕೆಂಪು ರಕ್ತಕಣಗಳನ್ನು ಗುಂಪು ನೋಡಿ ಗಂಟುಕಟ್ಟುತ್ತದೆ ಅಂತ ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಅದು ಹಿಡಿಯುವುದು ಎ ಗುಂಪಿನ ಕಣಗಳನ್ನು. ಎ ಗುಂಪಿನ ಕಣದ ಮೇಲೆ ತುದಿಯಲ್ಲಿ ಒಂದು ಬಗೆಯ ಸಕ್ಕರೆ ಇರುತ್ತದೆ, ಎನ್-ಅಸಿಟೈಲ್ ಗ್ಯಾಲಾಕ್ಟೋಸಮೀನ್ ಅಂತ. ಹುರುಳಿಯ ಲೆಕ್ಟಿನ್‌ಗೆ ಅದೇ ಬೇಕು. ಬಿ ಗುಂಪಿನವರ ಕಣದಲ್ಲಿ ಆ ಜಾಗದಲ್ಲಿ ಗ್ಯಾಲಾಕ್ಟೋಸ್ ಇರುತ್ತದೆ. ಹುರುಳಿ ಅದನ್ನು ಮೂಸಿಯೂ ನೋಡುವುದಿಲ್ಲ.

ಇಲ್ಲಿಯವರೆಗೆ ಸೀನಿಯರ್ ಗೆದ್ದರು. ಮುಂದೆ ನೋಡಿ. ಎ ಗುಂಪಿನಲ್ಲೇ ಎ1, ಎ2 ಅಂತ ಎರಡು ಒಳಗುಂಪುಗಳಿವೆ. ಎರಡರ ತುದಿಯಲ್ಲೂ ಅದೇ ಸಕ್ಕರೆ. ಆದರೆ ರಕ್ತನಿಧಿಯಲ್ಲಿ ಹುರುಳಿ ಲೆಕ್ಟಿನ್ನನ್ನು ಹದವಾಗಿ ತೆಳು ಮಾಡಿ ಹಾಕಿದರೆ ಎ1 ಗಂಟುಕಟ್ಟುತ್ತದೆ, ಎ2 ಕಟ್ಟುವುದಿಲ್ಲ. ಇವತ್ತಿಗೂ ಎ1 ಗುರುತಿಸಲು ಇದನ್ನೇ ಬಳಸುತ್ತಾರೆ. ಸಕ್ಕರೆ ಒಂದೇ ಆದ ಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಮುಖ್ಯವಾಗಿ ಲೆಕ್ಕದಿಂದ. ಒಂದು ಎ1 ಕಣದ ಮೇಲೆ ಆ ಸಕ್ಕರೆಯ ತುದಿಗಳು ಸುಮಾರು 10 ಲಕ್ಷ, ಎ2 ಕಣದ ಮೇಲೆ ಸುಮಾರು ಎರಡೂವರೆ ಲಕ್ಷ. ಒಂದು ದಟ್ಟ, ಇನ್ನೊಂದು ವಿರಳ. ಮತ್ತೆ ಆ ‘ಹದವಾಗಿ ತೆಳು ಮಾಡಿ’ ಅನ್ನುವ ಮಾತನ್ನು ಗಮನಿಸಿ. ಲೆಕ್ಟಿನ್ ಗಟ್ಟಿಯಾಗಿ ಸುರಿದರೆ ಎ2 ಕೂಡ ಗಂಟುಕಟ್ಟುತ್ತದೆ. ಆಯ್ಕೆ ಅನ್ನೋದು ಸಕ್ಕರೆಯೊಳಗೆ ಅಡಗಿ ಕೂತಿಲ್ಲ. ಎಷ್ಟು ಸಕ್ಕರೆ, ಎಷ್ಟು ದೂರಕ್ಕೊಂದು, ಯಾವ ದಾರದ ಮೇಲೆ, ಎಷ್ಟು ಪ್ರೋಟೀನಿನ ಎದುರು ಅನ್ನುವುದೆಲ್ಲ ಸೇರಿ ಹುಟ್ಟುವ ಗುಣ ಅದು.

ಹೊಲದ ಬದುವಿನಲ್ಲಿ ನಡೆದು ಬಂದರೆ ಪಂಚೆಗೆ ಉತ್ತರಾಣಿ ಹತ್ತಿಕೊಳ್ಳುತ್ತದಲ್ಲ? ಒಂದು ಕಾಳು ಹತ್ತಿದರೆ ಬೆರಳಲ್ಲಿ ತಟ್ಟಿದರೆ ಉದುರುತ್ತದೆ. ಕಡ್ಡಿಗೆ ಕಡ್ಡಿಯೇ ಹತ್ತಿತು ಅಂದರೆ ಕೂತು ಬಿಡಿಸಬೇಕು. ಒಂದೇ ಒಂದು ಸಕ್ಕರೆ ಪ್ರೋಟೀನನ್ನು ಹಿಡಿಯುವ ಹಿಡಿತ ಬಹಳ ಸಡಿಲ. ಮೀಥೈಲ್ ಮ್ಯಾನೋಸೈಡ್ (ಮ್ಯಾನೋಸ್‌ನದೇ ಒಂದು ಬಿಡಿ ರೂಪ) ಮತ್ತು ಕಾನ್-ಎ ನಡುವಿನದು ಸುಮಾರು 0.1 ಮಿಲಿಮೋಲಾರ್; ಈ ಅಂಕಿ ಚಿಕ್ಕದಾದಷ್ಟೂ ಹಿಡಿತ ಬಿಗಿ. ಒಳ್ಳೆಯ ಔಷಧಿ ತನ್ನ ಪ್ರೋಟೀನನ್ನು ನ್ಯಾನೋಮೋಲಾರ್‌ನಲ್ಲಿ ಹಿಡಿಯುತ್ತದೆ, ಅಂದರೆ ಲಕ್ಷ ಪಟ್ಟು ಬಿಗಿ. ಅದಕ್ಕೇ ನಾವು ಒಂದೇ ದಾರಕ್ಕೆ ನೂರಾರು ಸಕ್ಕರೆ ಪೋಣಿಸುವುದು. ಪಿಎಚ್ 7ರಲ್ಲಿ ಕಾನ್-ಎಗೆ ನಾಲ್ಕು ಕೈ, ಒಂದು ಕೈಗೂ ಇನ್ನೊಂದಕ್ಕೂ ಸುಮಾರು 6.5 ನ್ಯಾನೋಮೀಟರ್ ದೂರ. ಒಂದು ಬಿಟ್ಟರೂ ಇನ್ನೊಂದು ಹಿಡಿದಿರುತ್ತದೆ.

ಆದರೆ ಉತ್ತರಾಣಿಗೆ ಪಂಚೆ, ಸೀರೆ, ಹಸುವಿನ ಬಾಲ ಎಲ್ಲ ಒಂದೇ. ನಿಮ್ಮ ಗೈಡ್ ಸಲಹೆಯ ತೊಡಕು ಇರುವುದು ಇಲ್ಲೇ. ಸಕ್ಕರೆ ಜಾಸ್ತಿ ಮಾಡಿದರೆ ಹಿಡಿತ ಬಿಗಿಯಾಗಬಹುದು, ಆದರೆ ಬೇಡದವರನ್ನು ಹಿಡಿಯುವ ಶಕ್ತಿಯೂ ಅದರ ಜತೆಗೇ ಏರುತ್ತದೆ. ಕಾನ್-ಎ ಗ್ಲೂಕೋಸನ್ನು ಹಿಡಿಯುವುದು ಮ್ಯಾನೋಸ್‌ಗಿಂತ ಸುಮಾರು ನಾಲ್ಕು ಪಟ್ಟು ಸಡಿಲವಾಗಿ. ಹಾಗಿದ್ದೂ ದಟ್ಟವಾಗಿ ಗ್ಲೂಕೋಸ್ ಪೋಣಿಸಿದ ಪಾಲಿಮರನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಇನ್ನೊಂದು ತಾಪತ್ರಯ: ಸಕ್ಕರೆಗಳು ಒತ್ತೊತ್ತಾಗಿ ನಿಂತರೆ ಪ್ರೋಟೀನಿನ ಕೈ ಒಳಗೆ ನುಗ್ಗಲು ಜಾಗವೇ ಇರದೆ, ಹಾಕಿದ ಸಕ್ಕರೆಯಲ್ಲಿ ಅರ್ಧ ಸುಮ್ನೆ ದಂಡ.

ಹಾಗಂತ ಗೈಡ್ ಹೇಳಿದ್ದು ಪೂರ್ತಿ ತಪ್ಪಲ್ಲ. ಸಕ್ಕರೆ ಜಾಸ್ತಿಯಾದರೆ ಬರಿ ಅಮೀನ್ ಕಡಿಮೆಯಾಗುತ್ತದೆ, ಆಲ್ಬುಮಿನ್ ಕದಡೂ ಕಡಿಮೆಯಾಗುತ್ತದೆ. ಫಲ ಸಿಗುತ್ತದೆ, ಕಾರಣ ಮಾತ್ರ ಅವರು ಅಂದುಕೊಂಡದ್ದಲ್ಲ. ಇದನ್ನು ಅವರಿಗೆ ಹೇಗೆ ಹೇಳಬೇಕು ಅನ್ನೋದು ನಿಮಗೆ ಬಿಟ್ಟದ್ದು. ನಾನಾಗಿದ್ದರೆ ಬಾಯಲ್ಲಿ ಹೇಳದೆ ಟ್ಯೂಬ್‌ಗಳನ್ನೇ ಸಾಲಾಗಿ ಮುಂದಿಟ್ಟುಬಿಡುತ್ತಿದ್ದೆ.

ಯಾವ ಟ್ಯೂಬ್? ಮೊದಲು ನಿನ್‌ಹೈಡ್ರಿನ್. ಪಾಲಿಮರಿಗೆ ಒಂದು ಹನಿ ಹಾಕಿ ಬಿಸಿ ಮಾಡಿ. ನೇರಳೆಗೆ ತಿರುಗಿದರೆ ಅಮೀನ್ ಉಳಿದಿದೆ ಅಂತ ಅರ್ಥ. ಆಮೇಲೆ ಕದಡಿದ ಆಲ್ಬುಮಿನ್ ಟ್ಯೂಬಿಗೆ ಅಡುಗೆ ಉಪ್ಪಿನ ಗಟ್ಟಿ ದ್ರಾವಣ ಸೇರಿಸಿ, ಒಟ್ಟು 0.5 ಮೋಲಾರ್ ಆಗುವ ಹಾಗೆ. ಆವೇಶದಿಂದ ಅಂಟಿದ್ದಾದರೆ ಕದಡು ತಿಳಿಯಾಗುತ್ತದೆ. ಕಾನ್-ಎ ಟ್ಯೂಬಿಗೆ ಉಪ್ಪಿನ ಬದಲು ಬಿಡಿ ಮೀಥೈಲ್ ಮ್ಯಾನೋಸೈಡ್ ಧಾರಾಳವಾಗಿ ಹಾಕಿ. ಸಕ್ಕರೆಯಿಂದ ಕಟ್ಟಿದ ಗಂಟಾದರೆ ಬಿಚ್ಚಿಕೊಳ್ಳುತ್ತದೆ. ಎಷ್ಟು ಬಿಚ್ಚಿಕೊಂಡಿತೋ ಅಷ್ಟೇ ನಿಮ್ಮ ನಿಜವಾದ ಫಲಿತಾಂಶ. ಉಳಿದದ್ದನ್ನು ನಿಮ್ಮದು ಅಂದುಕೊಳ್ಳಬೇಡಿ. ಮತ್ತೆ ಇದೇ ಪಾಲಿಮರಿಗೆ ಮ್ಯಾನೋಸ್ ಬದಲು ಗ್ಯಾಲಾಕ್ಟೋಸ್ ಕೂರಿಸಿ ಒಂದು ಜೋಡಿ ಮಾಡಿಕೊಳ್ಳಿ. ಕಾನ್-ಎ ಗ್ಯಾಲಾಕ್ಟೋಸನ್ನು ಹಿಡಿಯುವುದಿಲ್ಲ. ಆ ಟ್ಯೂಬ್ ತಿಳಿಯಾಗಿಯೇ ಇರಬೇಕು. ಆಲ್ಬುಮಿನ್‌ಗಿಂತ ನಂಬಿಕಸ್ತ ಕಂಟ್ರೋಲ್ ಅದು.

ನಿಮ್ಮ ಬಫರ್ ಯಾವುದು ಅಂತ ನೀವು ಬರೆದಿಲ್ಲ. ಅಲ್ಲೊಂದು ಹಳ್ಳ ಇದೆ, ನಾನೇ ಬಿದ್ದಿದ್ದೇನೆ. ಕಾನ್-ಎ ಕೆಲಸ ಮಾಡಬೇಕಾದರೆ ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಬೇಕು. ಲ್ಯಾಬಿನಲ್ಲಿ ಸದಾ ಕೈಗೆ ಸಿಗುವುದು ಫಾಸ್ಫೇಟ್ ಬಫರ್. ಅದಕ್ಕೇ ಕ್ಯಾಲ್ಸಿಯಂ ಹಾಕಿದೆ. ಟ್ಯೂಬ್ ಕದಡಿತು. ಎರಡು ವಾರ ಗ್ರಾಫ್ ಬರೆದೆ, ಸಿಹಿ ಹಂಚಿದೆ. ಕೊನೆಗೆ ಗೆಳೆಯನೊಬ್ಬ ಪ್ರೋಟೀನೂ ಇಲ್ಲದ, ಪಾಲಿಮರೂ ಇಲ್ಲದ ಬರೀ ಬಫರನ್ನು ಕ್ಯೂವೆಟ್‌ಗೆ ಹಾಕಿ ತೋರಿಸಿದ. ಅದೂ ಕದಡಿತ್ತು. ಕ್ಯಾಲ್ಸಿಯಂ ಫಾಸ್ಫೇಟ್ ಗಸಿ! ಅಂದಿನಿಂದ ಹೆಪಿಸ್ ಬಫರ್ ಬಿಟ್ಟು ಬೇರೆ ಮುಟ್ಟಿಲ್ಲ. ಇನ್ನೊಂದು: ತಾಮ್ರ ಬಳಸುವ ಕ್ಲಿಕ್ ವಿಧಾನದಲ್ಲಿ ಸಕ್ಕರೆ ಕೂರಿಸುವವರು ಕೊನೆಗೆ ಲೋಹವನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದಿಂದ ತಾಮ್ರ ತೊಳೆಯುತ್ತಾರೆ. ಆ ಇಡಿಟಿಎ ಸ್ವಲ್ಪ ಉಳಿದರೂ ಕಾನ್-ಎಯ ಕ್ಯಾಲ್ಸಿಯಮ್ಮನ್ನೇ ಕಿತ್ತುಕೊಳ್ಳುತ್ತದೆ. ಆಗ ಒಳ್ಳೆಯ ಪಾಲಿಮರ್ ಕೂಡ ಏನನ್ನೂ ಹಿಡಿಯದ ಹಾಗೆ ಕಾಣುತ್ತದೆ.

ಇನ್ನು ಪಾಲಿಮರನ್ನು ಸರಿಮಾಡುವ ದಾರಿಗಳು. ಎರಡೂವರೆ ತಿಂಗಳು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ.

ಎಲ್ಲಕ್ಕಿಂತ ಸುಲಭದ್ದು, ಉಳಿದ ಅಮೀನ್‌ಗಳ ಬಾಯಿ ಕಟ್ಟುವುದು. ಅಸಿಟಿಕ್ ಆನ್‌ಹೈಡ್ರೈಡ್ ತಣ್ಣಗಿನ ಹದದಲ್ಲಿ, ನೀರು ಅಥವಾ ಮೆಥನಾಲಿನಲ್ಲಿ ಹನಿಹನಿಯಾಗಿ ಹಾಕಿದರೆ ಅಮೀನ್ ಮೊದಲು ತೆಗೆದುಕೊಳ್ಳುತ್ತದೆ, ಸಕ್ಕರೆಯ ಹೈಡ್ರಾಕ್ಸಿಲ್‌ಗಳ ತಂಟೆಗೆ ಹೋಗುವುದಿಲ್ಲ. ಆವೇಶ ಸೊನ್ನೆ. ಅವಸರಪಟ್ಟು ಪಿರಿಡೀನ್ ಹಾಕಿ ಮಾಡಿದಿರೋ, ಸಕ್ಕರೆಯ ಮೇಲೂ ಅಸಿಟೈಲ್ ಕೂತು ನಿಮ್ಮ ಮ್ಯಾನೋಸ್ ಮುಸುಕು ಹಾಕಿಕೊಂಡ ಹಾಗಾಗುತ್ತದೆ. ಕಾನ್-ಎ ಗುರುತಿಸುವುದಿಲ್ಲ. ಸಕ್ಸಿನಿಕ್ ಆನ್‌ಹೈಡ್ರೈಡ್ ಬಳಸಿ ಅನ್ನುವವರೂ ಇದ್ದಾರೆ. ಅದು ಧನವನ್ನು ಋಣ ಮಾಡುತ್ತದೆ. ಆಲ್ಬುಮಿನ್ ದೂರ ಹೋಗುತ್ತದೆ, ಲೈಸೋಜೈಮ್‌ನಂಥ ಧನ ಆವೇಶದ ಪ್ರೋಟೀನ್ ಬಂದು ಅಂಟುತ್ತದೆ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಬಾಗಿಲು ತೆಗೆದ ಹಾಗೆ. ನಾನು ಬೇಡ ಅಂತೀನಿ.

ಡೆಕ್ಸ್‌ಟ್ರಾನ್‌ನಂಥ ನೈಸರ್ಗಿಕ ದಾರಕ್ಕೆ ಹೋಗೋಣವಾ ಅಂತ ನಿಮಗೂ ಅನ್ನಿಸಿರಬಹುದು. ಅಗ್ಗ, ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಆದರೆ ಡೆಕ್ಸ್‌ಟ್ರಾನ್ ಅಂದರೇ ಗ್ಲೂಕೋಸಿನ ಸರ. ಕಾನ್-ಎ ಅದನ್ನೇ ಹಿಡಿಯುತ್ತದೆ. ನೀವು ಕೂರಿಸಿದ ಮ್ಯಾನೋಸ್‌ಗೆ ಏನು ಬೆಲೆ ಉಳಿಯಿತು?

ಸಕ್ಕರೆ ಹೊತ್ತ ಮಾನೋಮರ್ ಮೊದಲೇ ಮಾಡಿಕೊಂಡು, ಅದನ್ನು ಸಕ್ಕರೆ ಇಲ್ಲದ ಅಕ್ರಿಲಮೈಡ್ ಜತೆ ಬೇಕಾದ ಪ್ರಮಾಣದಲ್ಲಿ ಸೇರಿಸಿ ರಾಫ್ಟ್ ವಿಧಾನದಲ್ಲಿ ಸರಪಳಿ ಕಟ್ಟುವುದು ಇನ್ನೊಂದು ದಾರಿ. ಅಮೀನ್ ತಕರಾರೇ ಇಲ್ಲ. ನೂರಕ್ಕೆ ಹತ್ತು, ಮೂವತ್ತು, ಅರವತ್ತು ಅಂತ ಸಕ್ಕರೆ ಬೇರೆ ಬೇರೆ ಇಟ್ಟು ನೋಡಬಹುದು. ವಿಜ್ಞಾನದ ದೃಷ್ಟಿಯಿಂದ ಇದೇ ಸರಿ. ಮಾನೋಮರ್ ಶುದ್ಧ ಮಾಡುವಷ್ಟರಲ್ಲಿ ನಿಮ್ಮ ಎರಡು ತಿಂಗಳು ಮುಗಿದಿರುತ್ತದೆ. ಪಿಎಚ್‌ಡಿಗೆ ಹೋದರೆ ಮಾಡಿ.

ಸದ್ಯಕ್ಕೆ, ಸಕ್ಕರೆ ಕೂರಿಸುವ ಮುಂಚಿನ ನಿಮ್ಮ ಅಮೀನ್ ಪಾಲಿಮರನ್ನೇ ಮೂರು ಪಾಲು ಮಾಡಿ. ಒಂದಕ್ಕೆ ಸಕ್ಕರೆ ಕಡಿಮೆ, ಒಂದಕ್ಕೆ ಮಧ್ಯಮ, ಒಂದಕ್ಕೆ ಜಾಸ್ತಿ ಕೂರಿಸಿ. ಮೂರರ ಬಾಯನ್ನೂ ಅಸಿಟೈಲಿನಿಂದ ಕಟ್ಟಿ. ಯಾವ ಹಂತದಲ್ಲಿ ಕಾನ್-ಎ ಹಿಡಿಯಿತು, ಯಾವ ಹಂತದಲ್ಲಿ ಬೇಡದ್ದೂ ಬಂದು ಸೇರಿತು ಅಂತ ಬರೆದಿಡಿ. ಎಂಎಸ್ಸಿಗೆ ಇದು ಸಾಕಷ್ಟಾಯಿತು.

ಲೆಕ್ಕಕ್ಕಿಂತ ಅಳತೆ ದೊಡ್ಡದು ಅನ್ನುವುದಕ್ಕೆ ಒಂದು ಕೆಲಸ ನೆನಪಾಗುತ್ತದೆ. 2000ದಲ್ಲಿ ಕೆನಡಾದ ತಂಡವೊಂದು ಭೇದಿ ತರುವ ಶಿಗಾ ಜಾತಿಯ ಟಾಕ್ಸಿನ್‌ಗೆ ಐದು ತೋಳಿನ ಸಕ್ಕರೆ ಅಣು ಕಟ್ಟಿತು. ಆ ಟಾಕ್ಸಿನ್‌ಗೆ ಐದು ಮುಖ. ಅದಕ್ಕೇ ಐದು ತೋಳು, ಪ್ರತಿ ತೋಳಿನ ತುದಿಗೂ ಎರಡೆರಡು ಸಕ್ಕರೆ ಗೊಂಚಲು. ಹಿಡಿತ ಬಿಡಿ ಸಕ್ಕರೆಗಿಂತ 10 ಲಕ್ಷದಿಂದ 1 ಕೋಟಿ ಪಟ್ಟು ಹೆಚ್ಚಿತು. ಸ್ಫಟಿಕ ಮಾಡಿ ನೋಡಿದರೆ ಅಣು ಒಂದು ಟಾಕ್ಸಿನ್ ಮೇಲೆ ಹರಡಿಕೊಂಡಿರಲಿಲ್ಲ. ಎರಡು ಟಾಕ್ಸಿನ್‌ಗಳನ್ನು ಎದುರುಬದುರು ಹಿಡಿದು ಮಧ್ಯೆ ಕೂತಿತ್ತು! ವಿನ್ಯಾಸ ಮಾಡಿದವರ ಎಣಿಕೆಯೇ ಬೇರೆ ಇತ್ತು.

ಹಲಸಿನ ಬೀಜಕ್ಕೆ ಬರೋಣ. ನೀವು ಸಿದ್ದು ಹಲಸಿನ ಸೀಮೆಯವರು, ಕೇಳಿದ್ದು ಸರಿಯಾಗಿದೆ. ಬೀಜದ ಪ್ರೋಟೀನಿನಲ್ಲಿ ದೊಡ್ಡ ಪಾಲು ಜಾಕಲಿನ್ ಎಂಬ ಲೆಕ್ಟಿನ್. ಅದರ ಆಕಾರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜಯನ್ ಅವರ ತಂಡ 1996ರಲ್ಲಿ ಬಿಡಿಸಿತು. ಶೇಂಗಾ ಲೆಕ್ಟಿನ್‌ನದ್ದನ್ನೂ ಅದಕ್ಕೆ ಎರಡು ವರ್ಷ ಮೊದಲು ಬಿಡಿಸಿದ್ದು ಅವರೇ. ಜಾಕಲಿನ್‌ಗೆ ಕ್ಯಾಲ್ಸಿಯಂ ಬೇಡ, ಮ್ಯಾಂಗನೀಸ್ ಬೇಡ. ನಿಮ್ಮಂಥವರಿಗೆ ವರ. ಆದರೆ ಅದಕ್ಕೆ ಇಷ್ಟ ಗ್ಯಾಲಾಕ್ಟೋಸ್, ಅದರಲ್ಲೂ ಆಲ್ಫಾ ರೂಪ. ನಿಮ್ಮ ಪಾಲಿಮರಿನಲ್ಲಿರುವುದು ಮ್ಯಾನೋಸ್. ಜಾಕಲಿನ್ ಮ್ಯಾನೋಸನ್ನೂ ಸಡಿಲವಾಗಿ ಹಿಡಿಯುತ್ತದೆ, ಅದು ಬೇರೆ ತಲೆನೋವು.

ನಿಜವಾದ ಕಿತಾಪತಿ ಬೀಜದ ಒಳಗೇ ಇದೆ. ಅದೇ ಬೀಜದಲ್ಲಿ ಆರ್ಟೋಕಾರ್ಪಿನ್ ಅಂತ ಇನ್ನೊಂದು ಲೆಕ್ಟಿನ್ ಇದೆ. ಅದಕ್ಕೆ ಬೇಕಾದದ್ದು ಮ್ಯಾನೋಸ್. ಬೀಜ ರುಬ್ಬಿ, ಸೋಸಿ, ಆ ಹಾಲಿನಂಥ ಸಾರವನ್ನೇ ನೇರವಾಗಿ ನಿಮ್ಮ ಟ್ಯೂಬಿಗೆ ಹಾಕಿದಿರೋ, ಮ್ಯಾನೋಸ್ ಪಾಲಿಮರೂ ಕದಡುತ್ತದೆ, ಗ್ಯಾಲಾಕ್ಟೋಸ್ ಪಾಲಿಮರೂ ಕದಡುತ್ತದೆ. ಯಾರು ಯಾರನ್ನು ಹಿಡಿದರು ಅಂತ ದೇವರಿಗೇ ಗೊತ್ತು.

ಬೇರೆ ಮಾಡಲು ಗೋರಿಕಾಯಿ ಬೀಜದ ಗೋಂದು, ಅಂದರೆ ಗೌರ್ ಗಮ್, ಇದೆ. ಮ್ಯಾನೋಸಿನ ದಾರಕ್ಕೆ ಅಲ್ಲಲ್ಲಿ ಗ್ಯಾಲಾಕ್ಟೋಸ್ ತೂಗುಹಾಕಿದ ಹಾಗೆ ಅದರ ರಚನೆ. ಅದನ್ನು ಕರಗದ ಹಾಗೆ ಗಟ್ಟಿಮಾಡಿ ಕಾಲಂ ತುಂಬಿದರೆ ಜಾಕಲಿನ್ ಅಲ್ಲಿ ನಿಲ್ಲುತ್ತದೆ. ಗ್ಯಾಲಾಕ್ಟೋಸ್ ದ್ರಾವಣ ಹರಿಸಿದರೆ ಇಳಿದು ಬರುತ್ತದೆ. ಇಳಿಸಿದ ಮೇಲೆ ಡಯಾಲಿಸಿಸ್ ಮಾಡಿ, ಅಂದರೆ ಪೊರೆಯ ಚೀಲದಲ್ಲಿಟ್ಟು ತೊಳೆದು, ಆ ಗ್ಯಾಲಾಕ್ಟೋಸನ್ನು ಪೂರ್ತಿ ತೆಗೆಯಬೇಕು. ಇಲ್ಲದಿದ್ದರೆ ಜಾಕಲಿನ್‌ನ ಕೈ ಮೊದಲೇ ತುಂಬಿರುತ್ತದೆ. ಕಾನ್-ಎ ಉಳಿತಾಯಕ್ಕೆ ಅಂತ ಇದನ್ನು ಮಾಡಬೇಡಿ. ಗ್ಯಾಲಾಕ್ಟೋಸ್ ಕೂರಿಸಿದ ಜೋಡಿ ಪಾಲಿಮರ್ ಮಾಡಲು ಹೇಳಿದೆನಲ್ಲ, ಅದರ ಪರೀಕ್ಷೆಗೆ ಮಾಡಿ. ಕಾನ್-ಎಗೆ ಮ್ಯಾನೋಸ್ ಪಾಲಿಮರ್, ಜಾಕಲಿನ್‌ಗೆ ಗ್ಯಾಲಾಕ್ಟೋಸ್ ಪಾಲಿಮರ್, ಆಮೇಲೆ ಅದಲುಬದಲು. ನಾಲ್ಕು ಟ್ಯೂಬ್. ಎರಡು ಕದಡಿ ಎರಡು ತಿಳಿಯಾಗಿ ನಿಂತರೆ ಯಾರೂ ನಿಮ್ಮನ್ನು ಮರುಪ್ರಶ್ನೆ ಕೇಳುವುದಿಲ್ಲ.

ಅಪ್ಪನವರ ಪ್ರಶ್ನೆ ನಿಮ್ಮದಕ್ಕಿಂತ ಚೆನ್ನಾಗಿದೆ, ಬೇಜಾರಾಗಬೇಡಿ. ಅವರಿಗೆ ಹೀಗೆ ಹೇಳಿ. ಈ ಸಕ್ಕರೆ ಲಾಡಿನ ಮೇಲೆ ಉದುರಿಸಿದ ಸಕ್ಕರೆಯ ಹಾಗಲ್ಲ. ರಾಸಾಯನಿಕ ಬಂಧದಿಂದ ಹೊಲಿದು ಬಿಟ್ಟಿರುತ್ತೇವೆ. ಪ್ರಮಾಣವೂ ಬಹಳ ಸಣ್ಣದು. ಎಷ್ಟೋ ಸಲ ಅದು ಗ್ಲೂಕೋಸೇ ಆಗಿರುವುದಿಲ್ಲ. ಮೂರು ಎನ್-ಅಸಿಟೈಲ್ ಗ್ಯಾಲಾಕ್ಟೋಸಮೀನ್ ಕೂರಿಸಿದ ಔಷಧಿಗಳು ಈಗಾಗಲೇ ಬಂದಿವೆ. ಯಕೃತ್ತಿನ ಕೋಶಗಳ ಮೇಲೆ ಆ ಸಕ್ಕರೆಯನ್ನೇ ಹಿಡಿಯುವ ಪ್ರೋಟೀನ್ ಇದೆ, ಅದರ ಮೂಲಕ ಔಷಧಿ ಒಳಗೆ ಹೋಗುತ್ತದೆ. ಅಂಥ ಒಂದು ಔಷಧಿ ಜಿವೋಸಿರಾನ್‌ಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಕೊಲೆಸ್ಟ್ರಾಲ್ ಇಳಿಸುವ ಇನ್‌ಕ್ಲಿಸಿರಾನ್ ಕೂಡ ಇದೇ ಜಾತಿ. ಅದರಲ್ಲಿರುವ ಸಕ್ಕರೆಯಿಂದ ಯಾರ ಶುಗರೂ ಏರುವುದಿಲ್ಲ.

ಆದರೂ ಅವರ ಅನುಮಾನವನ್ನು ನಕ್ಕು ತಳ್ಳಬೇಡಿ. ಕೆಲವರಿಗೆ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನಲ್ಲಿ ಐಕೋಡೆಕ್ಸ್‌ಟ್ರಿನ್ ಎಂಬ ಸಕ್ಕರೆಯ ಪಾಲಿಮರ್ ಬಳಸುತ್ತಾರೆ. ಅದು ಮೈಯಲ್ಲಿ ಒಡೆದು ಮಾಲ್ಟೋಸ್ ಆಗುತ್ತದೆ. ಒಂದು ಬಗೆಯ ಗ್ಲೂಕೋಮೀಟರ್ ಪಟ್ಟಿಗಳು ಮಾಲ್ಟೋಸನ್ನೇ ಗ್ಲೂಕೋಸ್ ಅಂದುಕೊಂಡು ಹೆಚ್ಚು ತೋರಿಸಿ, ಜನ ಬೇಡದ ಇನ್ಸುಲಿನ್ ಹಾಕಿಕೊಂಡು ಅಪಾಯಕ್ಕೆ ಸಿಕ್ಕಿದ್ದುಂಟು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಬಗ್ಗೆ ಎಚ್ಚರಿಕೆ ಕೊಟ್ಟರು. ಅಲ್ಲಿ ಏರಿದ್ದು ರಕ್ತದ ಗ್ಲೂಕೋಸ್ ಅಲ್ಲ, ಮೀಟರಿನ ಅಂಕಿ. ಪಟ್ಟಿಯ ಮೇಲಿದ್ದ ಪ್ರೋಟೀನ್‌ಗೆ ಎರಡು ಸಕ್ಕರೆಗಳ ನಡುವಿನ ವ್ಯತ್ಯಾಸ ತಿಳಿಯಲಿಲ್ಲ, ಅಷ್ಟೇ. ನಿಮ್ಮ ಪ್ರಾಜೆಕ್ಟಿನ ತೊಂದರೆಯೂ ಅದರ ನೆಂಟನೇ.

ಹಲಸಿನ ಕಾಲ ಮುಗಿಯುವ ಮುಂಚೆ ಅರ್ಧ ಕೆಜಿ ಹಸಿ ಬೀಜ ತೆಗೆದಿಡಿ. ಮೇಲಿನ ಬಿಳಿ ಸಿಪ್ಪೆ, ಒಳಗಿನ ಕಂದು ಪೊರೆ ಎರಡೂ ಕೆರೆದು ತೆಗೆದು ಫ್ರೀಜರಿಗೆ ಹಾಕಿ. ನಮ್ಮ ಲ್ಯಾಬಿಗೆ ಒಂದು ಸಲ ಸಹಾಯಕರ ಮನೆಯಿಂದ ಬಂದ ಬೀಜದಲ್ಲಿ ಮೂರು ದಿನ ದುಡಿದರೂ ಜಾಕಲಿನ್ ಸುಳಿವೇ ಸಿಗಲಿಲ್ಲ. ವಿಚಾರಿಸಿದರೆ ಅವರ ತಾಯಿ "ಹಸಿ ಬೀಜ ಯಾರು ತಿಂತಾರೆ" ಅಂತ ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ ಕಳಿಸಿದ್ದರು. ಬೇಯಿಸಿದರೆ ಲೆಕ್ಟಿನ್ ಸತ್ತುಹೋಗುತ್ತದೆ. ಮನೆಯಲ್ಲಿ ಮೊದಲೇ ಹೇಳಿಡಿ.